ದಡಾರ ಇಲ್ಲವೆಂದ ಪ್ರಾಂತಾಧಿಕಾರಿ

ಗ್ರೆಗ್ವಾರ್ ಯಾಕೊಲಾ ಮಂತ್ರಿಗಿರಿ ಕಳೆದುಕೊಂಡದ್ದು ಮಧ್ಯಾಹ್ನದ ಊಟದ ಹೊತ್ತಿಗೆ. ರೇಡಿಯೋದಲ್ಲಿ ಹೊಸ ಮಂತ್ರಿಗಳ ಹೆಸರು ಓದುತ್ತಿದ್ದರು. ಕೊನೆಯ ಹೆಸರು ಮುಗಿದರೂ ಅವನದು ಬರಲಿಲ್ಲ. ಮರಗೆಣಸಿನ ಮುದ್ದೆ ಬಡಿಸುತ್ತಿದ್ದ ಹೆಂಡತಿ ಮಾರ್ತ್ ಅರ್ಧಕ್ಕೇ ಕೈ ನಿಲ್ಲಿಸಿದಳು.

"ಇನ್ನೊಂದ್ ಸಲ ಓದ್ತಾರೇನೋ."

"ಓದಲ್ಲ ಕಣೇ. ಬಡಿಸು."

ಸಂಜೆಯೊಳಗೆ ಸರ್ಕಾರಿ ಕಾರು ಹೋಯಿತು. ಜಗಲಿ ತುಂಬ ಕೂತಿರುತ್ತಿದ್ದ ನೆಂಟರೂ ಒಬ್ಬೊಬ್ಬರಾಗಿ ಎದ್ದು ಹೋದರು. ರಾಜಧಾನಿ ಬಾಂಗಿಯಲ್ಲಿ ಇದೇನೂ ಹೊಸದಲ್ಲ. ಹಳ್ಳಿಶಾಲೆಯ ಮೇಷ್ಟ್ರಾಗಿ ಶುರುಮಾಡಿ, ಪ್ರಾಂತಾಧಿಕಾರಿಯಾಗಿ, ಮಂತ್ರಿಯಾಗುವಷ್ಟರಲ್ಲಿ ಅವನು ಹೀಗೆ ಉದುರಿದ ಎಷ್ಟೋ ಜನರನ್ನು ಕಂಡಿದ್ದ. ಕುರ್ಚಿ ಹೋದದ್ದಕ್ಕಿಂತ ಅದು ಸಿಕ್ಕಿದ ಬಗೆಯೇ ಅವನನ್ನು ಕೊರೆಯುತ್ತಿತ್ತು.

ಐದು ವರ್ಷದ ಹಿಂದೆ ಅವನು ಉತ್ತರದ ಪ್ರಾಂತವೊಂದರ ಅಧಿಕಾರಿಯಾಗಿದ್ದ. ಬೇಸಿಗೆ. ಗ್ಬಾದೊ ಎಂಬ ಹಳ್ಳಿಯಿಂದ ಕಾಂಪೌಂಡರ್ ಸೊಸ್ತೆನ್ ಸೈಕಲ್ ತುಳಿದುಕೊಂಡು ಬಂದಿದ್ದ.

"ಸಾಹೇಬ್ರೇ, ಊರಲ್ಲಿ ದಡಾರ ಎದ್ದಿದೆ. ನಾಲ್ಕು ಮಕ್ಕಳು ಹೋದ್ವು. ಲಸಿಕೆ ಬೇಕು ಅಂತ ಬೇಗ ಬರೀರಿ."

ಅಷ್ಟರಲ್ಲಿ ರಾಜಧಾನಿಯಿಂದ ಮೇಲಿನವರ ಫೋನು. "ಚುನಾವಣೆಗೆ ಮೂರೇ ವಾರ. ನಿಮ್ಮ ಕಡೆ ದಡಾರ-ಗಿಡಾರ ಅಂತ ಗುಲ್ಲಿಲ್ಲ ತಾನೆ, ಯಾಕೊಲಾ?"

ಎದುರಿಗೇ ಸೊಸ್ತೆನ್ ಬೆವರು ಒರೆಸಿಕೊಳ್ಳುತ್ತ ನಿಂತಿದ್ದ.

"ಇಲ್ಲ ಸಾರ್," ಅಂದ ಯಾಕೊಲಾ. ಅದನ್ನೇ ಕಾಗದದಲ್ಲೂ ಬರೆದು ಸಹಿ ಹಾಕಿದ. ಲಸಿಕೆಯ ಲಾರಿ ಬೇರೆ ದಿಕ್ಕಿಗೆ ಹೋಯಿತು. ಮೊದಲ ಮಳೆ ಬೀಳುವ ಹೊತ್ತಿಗೆ ಗ್ಬಾದೊದಲ್ಲಿ ಹತ್ತೊಂಬತ್ತು ಮಕ್ಕಳನ್ನು ಮಣ್ಣು ಮಾಡಿದ್ದರು. ಮರುವರ್ಷ ಯಾಕೊಲಾ ಮಂತ್ರಿಯಾದ.

ಮಂತ್ರಿಗಿರಿ ಹೋದ ಎರಡು ವಾರಕ್ಕೆ ಅವನು ಲಾರಿಯಲ್ಲಿ ಮೂಟೆಗಳ ಮೇಲೆ ಕೂತು ಗ್ಬಾದೊಗೆ ಹೋದ. ಹೆಂಗಸರು ಒನಕೆ ಹಿಡಿದು ಮರಗೆಣಸು ಕುಟ್ಟುತ್ತಿದ್ದರು. ಅವರಲ್ಲಿ ಫಿಲೊಮೆನ್ ಎಂಬವಳು ಎರಡು ಮಕ್ಕಳನ್ನು ಕಳೆದುಕೊಂಡವಳು.

"ಏನ್ ಮಂತ್ರಿಗಳೇ, ದಾರಿ ತಪ್ಪಿ ಬಂದ್ರಾ?"

"ಈಗ ಮಂತ್ರಿ ಅಲ್ಲ ತಾಯಿ. ಆವತ್ತು ದಡಾರ ಇಲ್ಲ ಅಂತ ಬರೆದೋನು ನಾನು. ಅದನ್ನ ಹೇಳೋಕೆ ಬಂದೆ."

ಒನಕೆಗಳು ನಿಂತವು.

"ಗೊತ್ತು, ಸೊಸ್ತೆನ್ ಹೇಳಿದ್ದ," ಅಂದಳು ಫಿಲೊಮೆನ್. "ಕುರ್ಚಿ ಮೇಲಿದ್ದಾಗ ನಾಲಿಗೆ ಬಿದ್ದೋಗಿತ್ತಾ?"

ಮುದುಕನೊಬ್ಬ ನೀರು ತಂದುಕೊಟ್ಟ. ಕೂರು ಅಂತ ಯಾರೂ ಅನ್ನಲಿಲ್ಲ.

ಬಾಂಗಿಗೆ ಮರಳಿ ನಡೆದದ್ದನ್ನೆಲ್ಲ ಬರೆದು ಸರ್ಕಾರಕ್ಕೆ ಕಳಿಸಿದ. ನಾಲ್ಕು ತಿಂಗಳ ಮೇಲೆ ಉತ್ತರ ಬಂತು: ಆ ವರ್ಷ ಗ್ಬಾದೊದಲ್ಲಿ ದಡಾರ ಇರಲಿಲ್ಲವೆಂದು ಅಂದಿನ ಪ್ರಾಂತಾಧಿಕಾರಿಗಳೇ ಲಿಖಿತವಾಗಿ ತಿಳಿಸಿದ್ದಾರೆ, ಆದ್ದರಿಂದ ತಮ್ಮ ದೂರನ್ನು ಪರಿಗಣಿಸಲಾಗದು.

"ಸುಟ್ಟಾಕಿ ಅದನ್ನ," ಅಂದಳು ಮಾರ್ತ್. ಅವನು ಕೇಳಲಿಲ್ಲ. ಮತ್ತೆ ಗ್ಬಾದೊಗೆ ಹೋಗಿ ಫಿಲೊಮೆನ್‌ಳ ಮುಂದೆ ನಿಂತು ಓದಿ ಹೇಳಿದ.

ಅವಳು ಪೂರ್ತಿ ಕೇಳಿದಳು. "ಹಂಗಾದ್ರೆ ನಮ್ಮ ಮಕ್ಕಳು ಸಾಯ್ಲೇ ಇಲ್ಲ ಅನ್ನು," ಅಂದಳು. ಒನಕೆ ಕೈಗೆತ್ತಿಕೊಂಡು, "ಇನ್ನು ಬರಬೇಡಪ್ಪ. ನೀ ಬಂದು ಹೋದ ದಿನ ನನಗೆ ಅನ್ನ ಇಳಿಯಲ್ಲ," ಅಂದಳು.

ಯಾಕೊಲಾ ರಸ್ತೆಗೆ ಬಂದು ಮಾವಿನ ಮರದ ಬುಡದಲ್ಲಿ ಕೂತ. ಆ ದಿನ ಲಾರಿ ಬರಲಿಲ್ಲ. ಹೊಲದಿಂದ ಮರಳುತ್ತಿದ್ದವರು ಅವನನ್ನು ನೋಡಿದರು, ಮಾತಾಡಿಸದೆ ಮನೆ ಕಡೆ ನಡೆದರು.