ಅವ್ವನ ಗಾಲಿ ಕೋಣೆಗೆ ರಬ್ಬರ್ ಹಾಕಿದ್ದು

ಕಳೆದ ವರ್ಷ ಈಸ್ಟರ್ ಶನಿವಾರ ನ್ಯೂಜಿಲೆಂಡಿನ ಟೌರಂಗಾದಲ್ಲಿ, ನನ್ನ ಅಕ್ಕನ ಮನೆಯ ಅಂಗಳದಲ್ಲಿ ನಿಂತಿದ್ದ ಮೋಟರ್‌ಹೋಮಿನ ಸ್ಲೈಡ್-ಔಟ್ ಕೋಣೆಯ ರಬ್ಬರ್ ಪಟ್ಟಿಯನ್ನು ಬದಲಾಯಿಸಲಾಯಿತು. ಹೊರಗಿನ ಮೆಕ್ಯಾನಿಕ್ಕನನ್ನು ಕರೆಯಲಿಲ್ಲ. ಬದಲಾಯಿಸಿದವನು ನಾನು. ಆ ಕೋಣೆಯಲ್ಲಿ ವಾಸವಿದ್ದವಳು ನಮ್ಮ ಅವ್ವ.

ಹುಬ್ಬಳ್ಳಿಯ ಸುದ್ದಿಮನೆಯೊಂದರಲ್ಲಿ ಹಲವು ವರ್ಷ ಕೂತು ಬಂದವನಿಗೆ ಸುದ್ದಿ ಇಷ್ಟೇ. ಜಾಗ ಸಾಲದಿದ್ದರೆ ಉಳಿದದ್ದನ್ನು ಕೆಳಗಿನಿಂದ ಕತ್ತರಿಸಿ ಎಸೆಯಬಹುದು. ಆದರೆ ಇವತ್ತು ಬೆಳಿಗ್ಗೆ ಕುಕ್ಕರ್ ತೊಳೆಯಲು ಕೂತಾಗ ಗ್ಯಾಸ್ಕೆಟ್ಟಿನಿಂದ ಕೊಬ್ಬರಿ ಎಣ್ಣೆಯ ವಾಸನೆ ಬಂತು. ರಬ್ಬರಿಗೆ ಎಣ್ಣೆ ಸವರಿಡುವುದು ನನ್ನ ಹೆಂಡತಿ ಅವ್ವನಿಂದ ಕಲಿತ ಅಭ್ಯಾಸ. ಆ ವಾಸನೆಗೆ, ಕತ್ತರಿಸಿ ಎಸೆದಿದ್ದೆಲ್ಲ ಒಂದೊಂದಾಗಿ ಎದ್ದು ಬಂತು. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ.

ಅವ್ವ ಬಾಗಲಕೋಟೆಯಿಂದ ಬಂದದ್ದು ನನ್ನ ಮನೆಗೆ. ಇದು ದಾಖಲೆಯಲ್ಲಿರಲಿ. ಟೌರಂಗಾದಿಂದ ಗುಡ್ಡದಾಚೆ ಇರುವ ರೊಟೊಟೂನದ ನಮ್ಮ ಮನೆಯಲ್ಲಿ ಅವಳಿಗೆಂದೇ ಕೆಳಗಿನ ಕೋಣೆ, ಅದಕ್ಕೆ ಹೊಂದಿದ ಬಚ್ಚಲು, ಗೋಡೆಗೆ ಬಿಸಿಗಾಳಿ ಬಿಡುವ ಹೀಟ್ ಪಂಪ್, ಕಿಟಕಿಯಿಂದ ನೋಡಿದರೆ ಹುಲ್ಲುಹಾಸು. ಬಂದವರಿಗೆಲ್ಲ ಆ ಕೋಣೆಯನ್ನು ನಾನೇ ತೋರಿಸುತ್ತಿದ್ದೆ. ಹೀಗಿರುವಾಗ ಅಕ್ಕನ ಗಂಡನಿಗೆ ಭುಜದ ಶಸ್ತ್ರಚಿಕಿತ್ಸೆ ಆಯಿತು. ಅಕ್ಕನ ಗಂಡನನ್ನು ನಮ್ಮ ಕಡೆ ಮಾಮಾ ಎನ್ನುತ್ತೇವೆ. ಸ್ವಲ್ಪ ದಿನ ಆಸರೆಯಾಗಲೆಂದು ಅವ್ವ ಟೌರಂಗಾಕ್ಕೆ ಹೋದಳು.

ಹೋಗುವಾಗ ಒಂದು ತೊಡಕಿತ್ತು. ಹೆಣ್ಣು ಕೊಟ್ಟ ಮನೆಯಲ್ಲಿ ಉಳಿದು ಉಣ್ಣಬಾರದು ಎಂಬುದು ಅವ್ವ ಜೀವಮಾನವಿಡೀ ಪಾಲಿಸಿಕೊಂಡು ಬಂದ ನೇಮ. ಅಕ್ಕ ಅತ್ತಳು, ಬೈದಳು, ಕಾಲ ಬದಲಾಗಿದೆ ಎಂದಳು. ಅವ್ವ ಚೀಲ ಹಿಡಿದು ಅಂಗಳದಲ್ಲೇ ನಿಂತಿದ್ದಳಂತೆ. ಅಲ್ಲಿ ಮಾಮಾನ ಮೋಟರ್‌ಹೋಮ್ ನಿಂತಿತ್ತು, ಅಮೆರಿಕದಿಂದ ತರಿಸಿದ್ದ ಹಳೆಯ ದೊಡ್ಡ ಗಾಡಿ. ಗುಂಡಿ ಒತ್ತಿದರೆ ಅದರ ಪಕ್ಕದ ಗೋಡೆ ಕಪಾಟಿನ ಖಾನೆಯಂತೆ ಹೊರಗೆ ಸರಿದು ಒಳಗೆ ಒಂದು ಕೋಣೆ ತೆರೆದುಕೊಳ್ಳುತ್ತದೆ. ಅವ್ವ ಹತ್ತಿ ಕೂತಳು.

"ಇದೂ ನಮ್ಮ ಮನೀನ ಅಲ್ಲೇನಬೇ?" ಎಂದು ಅಕ್ಕ ಕೇಳಿದ್ದಕ್ಕೆ ಅವ್ವ ಕೊಟ್ಟ ತೀರ್ಪು ನಮ್ಮ ಬಳಗದಲ್ಲಿ ಈಗ ಗಾದೆಯಾಗಿದೆ: "ಗಾಲಿ ಇದ್ದದ್ದು ಮನೀ ಹೆಂಗಾಗತೈತಿ? ಬಸ್ಸಿನ್ಯಾಗ ಕುಂತ್ರ ಡ್ರೈವರನ ಮನ್ಯಾಗ ಕುಂತಂಗನು?"

ಮಾಮಾನ ಭುಜ ಮೆಲ್ಲಗೆ ಕೂಡುತ್ತ ಬಂತು. ಅವ್ವ ಇಳಿಯಲಿಲ್ಲ.

ನಾನು ಗಂಡಸರ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೇನೆ, ನನಗಿಂತ ಮೊದಲು ಮುಖಪುಟಕ್ಕೆ ಏರಿದ ಗೆಳೆಯರ ಮೇಲೆ ಪಟ್ಟಿದ್ದೇನೆ. ವಾಹನವೊಂದರ ಮೇಲೆ ಪಟ್ಟದ್ದು ಅದೇ ಮೊದಲು. ಅಕ್ಕ ಕಳಿಸುವ ಫೋಟೋಗಳನ್ನು ನಾನು ತಿದ್ದುವವನ ಕಣ್ಣಿನಿಂದಲೇ ನೋಡುತ್ತಿದ್ದೆ. ಮೆಟ್ಟಿಲ ಪಕ್ಕ ಕುಂಡದಲ್ಲಿ ಮೆಂತ್ಯ. ಮೈಕ್ರೊವೇವಿನ ಮೇಲೆ ದೇವರು. ಪಕ್ಕದ ಮನೆಯ ನ್ಯೂಜಿಲೆಂಡ್ ಮುದುಕಿ ಅವ್ವನೆದುರು ಚಹಾ ಕುಡಿಯುತ್ತ ಕೂತಿದ್ದಾಳೆ, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುವುದಿಲ್ಲ, ಇಬ್ಬರೂ ನಗುತ್ತಿದ್ದಾರೆ. ಒಮ್ಮೆ ಹೋಳಿಗೆಯ ಫೋಟೋ ಬಂತು. ನನ್ನ ಮನೆಯಲ್ಲಿದ್ದಷ್ಟು ದಿನ ಅವ್ವ ಹೋಳಿಗೆ ಮಾಡಿರಲಿಲ್ಲ. ಆ ಫೋಟೋವನ್ನು ದೊಡ್ಡದು ಮಾಡಿ, ಹೋಳಿಗೆ ಒಂದು ಕಡೆ ಹರಿದಿದೆ ಎಂದು ಕಂಡುಹಿಡಿದೆ.

ಈಸ್ಟರಿಗೆ ಮುಂಚೆ ಅಕ್ಕ ಫೋನ್ ಮಾಡಿದಳು. "ಸ್ಲೈಡ್ ಲೀಕ್ ಆಗಾಕತ್ತೈತಿ ನೋಡಪಾ. ಅವ್ವನ ಹಾಸಿಗಿ ತೊಯ್ದೈತಿ. ಇವರಿಗೆ ಇನ್ನೂ ಕೈ ಎತ್ತಾಕ ಬರೂದಿಲ್ಲ, ಲಾಂಗ್ ವೀಕೆಂಡಿಗೆ ಯಾರೂ ಸಿಗವಲ್ಲರು. ನೀ ಬಂದು ಸೀಲ್ ಹಾಕ್ತೀ?"

ಅಯ್ಯೋ ಎಂದೆ. ಆದರೆ ನನಗಾದದ್ದು ಸಂತೋಷ. ನೀರು ಸೋರುವ ಕೋಣೆಯಲ್ಲಿ ಅವ್ವ ಇರಲಾರಳು. ಅಕ್ಕನ ಮನೆಯೊಳಗೆ ನೇಮ ಬಿಡುವುದಿಲ್ಲ. ಉಳಿದದ್ದು ನನ್ನ ಮನೆ. ಕಾರಿನ ಹಿಂದೆ ಒಂದು ಖಾಲಿ ಸೂಟ್‌ಕೇಸ್ ಹಾಕಿಕೊಂಡು ಕೈಮಾಯ್ ಗುಡ್ಡ ದಾಟಿದೆ.

ಹೋದ ತಕ್ಷಣ ಹಳೆಯ ಪಟ್ಟಿ ಕಿತ್ತೆ. ಗೋಡೆಗೂ ಗಾಡಿಗೂ ನಡುವಿನ ಸಂದನ್ನು ಮುಚ್ಚುವ ಟೊಳ್ಳು ರಬ್ಬರ್ ಅದು. ಉಬ್ಬಿ, ಹಲಸಿನ ಅಂಟಿನಂತೆ ಕೈಗೆ ಮೆತ್ತಿಕೊಂಡಿತು. ಅಂಗಳದ ಕುರ್ಚಿಯಲ್ಲಿ ತೋಳಿಗೆ ಜೋಳಿಗೆ ಕಟ್ಟಿಕೊಂಡು ಕೂತಿದ್ದ ಮಾಮಾ ಅದನ್ನು ಈಸಿಕೊಂಡು ಮೂಸಿದ.

"ಕೊಬ್ಬರೆಣ್ಣಿ!"

"ಶುಕ್ರವಾರಕ್ಕೊಮ್ಮೆ ಸವರ್ತೀನಿ," ಎಂದಳು ಅವ್ವ ಒಳಗಿನಿಂದ, ಬಹುಮಾನ ನಿರೀಕ್ಷಿಸುವ ದನಿಯಲ್ಲಿ. "ಸವರಲಿಲ್ಲಂದ್ರ ರಬ್ಬರ ಬಿರೀತೈತಿ."

"ಅತ್ತೀ, ಇದು ಕುಕ್ಕರ್ ಅಲ್ಲರೀ! ಎಣ್ಣಿ ಹಚ್ಚಿದ್ರ ಈ ರಬ್ಬರ್ ಕೊಳೀತೈತಿ."

"ನನ್ನ ಗ್ಯಾಸ್ಕೆಟ್ ನನ್ನ ಮಗಳಿಗಿಂತ ಹಳೇದು. ಅದು ಕೊಳತಿಲ್ಲ. ನಿಮ್ಮ ಅಮೆರಿಕಾದ್ದು ಕೊಳತ್ರ ನಾ ಏನ ಮಾಡ್ಲಿ?"

ಅಕ್ಕ ನಕ್ಕಳು. ನಾನೂ ನಕ್ಕೆ, ಆದರೆ ನನ್ನ ನಗು ಬೇರೆ ಕಾರಣಕ್ಕೆ: ಆ ಕೋಣೆಯನ್ನು ಹಾಳು ಮಾಡಿದ್ದು ಅದನ್ನು ಅಷ್ಟು ಜೋಪಾನ ಮಾಡಿದವಳೇ. ನನ್ನ ಮನೆಯ ಯಾವ ವಸ್ತುವಿಗೂ ಅವಳು ಎಣ್ಣೆ ಸವರಿರಲಿಲ್ಲ ಎಂದು ಹೊಳೆದ ಮೇಲೆ ಆ ನಗುವೂ ನಿಂತಿತು.

ಅಂಟು ಕೆರೆದು, ಸ್ಪಿರಿಟ್ಟಿನಿಂದ ಒರೆಸಿ, ಮಾಮಾ ತರಿಸಿಟ್ಟಿದ್ದ ಹೊಸ ಪಟ್ಟಿ ಹಿಡಿದು ಏಣಿ ಹತ್ತಿದೆ. ಮಾಮಾ ಕುರ್ಚಿಯಿಂದಲೇ ಕೂಗುತ್ತಿದ್ದ. "ಎಡಿಟರ್ ಸಾಹೇಬ್ರ, ರಬ್ಬರ್ ಜಗ್ಗಬ್ಯಾಡ್ರಿ ಮತ್ತ! ಒತ್ತಿಕೋತ ಹೋಗ್ರಿ. ಜಗ್ಗಿ ಹಚ್ಚಿದ್ರ ಇವತ್ತ ಚಂದ ಕಾಣತೈತಿ, ಚಳಿಗಾಲಕ್ಕ ಕುಗ್ಗಿ ಮೂಲ್ಯಾಗ ಬಾಯಿ ಬಿಡತೈತಿ."

ಹಿಂಬದಿಯ ಮೇಲಿನ ಮೂಲೆಗೆ ಬಂದಾಗ ಮಾಮಾನಿಗೆ ನಾನು ಕಾಣುತ್ತಿರಲಿಲ್ಲ. ಅಕ್ಕ ಒಳಗೆ ಹೋಗಿದ್ದಳು. ರಬ್ಬರ್ ನನ್ನ ಬೆರಳುಗಳ ನಡುವೆ ಮೆತ್ತಗೆ, ಹೇಳಿದಂತೆ ಕೇಳುವಂತಿತ್ತು. ಒಂದು ಸಣ್ಣ ಎಳೆತ ಸಾಕು. ಇಲ್ಲಿ ಚಳಿಗಾಲವಾದ ಜೂನ್ ಜುಲೈ ಹೊತ್ತಿಗೆ ಮಿಕ್ಕದ್ದನ್ನು ಮಳೆ ನೋಡಿಕೊಳ್ಳುತ್ತದೆ. ಯೋಚನೆ ಬಂದದ್ದು ನಿಜ. ಅದು ಹೊಸದಾಗಿ ಬಂದದ್ದಲ್ಲ, ಗುಡ್ಡ ದಾಟುವಾಗಲೇ ನನ್ನೊಂದಿಗೆ ಕಾರಿನಲ್ಲಿ ಕೂತಿತ್ತು ಎಂಬುದೂ ನಿಜ.

ಆಗ ಗೋಡೆಯ ಆಚೆಯಿಂದ, ನನ್ನ ಕಿವಿಯ ಪಕ್ಕದಲ್ಲೇ, ಅವ್ವ ತಟ್ಟಿದಳು. "ತಮ್ಮಾ, ಎಷ್ಟೊತ್ತಾತು ಅಲ್ಲೇ ನಿಂತು? ಚಹಾ ಮಾಡೇನಿ, ಬಾ ನನ್ನ ಕಡೆ."

ನನ್ನ ಮನೆಯಲ್ಲಿ ಚಹಾ ಬೇಕಾದರೆ ಅವಳು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, "ಒಂದೀಟ ಚಹಾ ಮಾಡ್ಲೇನವಾ?" ಎಂದು ನನ್ನ ಹೆಂಡತಿಯನ್ನು ಕೇಳುತ್ತಿದ್ದಳು. ಒಗ್ಗರಣೆ ಹಾಕಿದಾಗ ಸ್ಮೋಕ್ ಅಲಾರಂ ಕೂಗಿಕೊಂಡರೆ ಟವೆಲ್ ಬೀಸುತ್ತ ಎಲ್ಲರ ಮುಖ ನೋಡುತ್ತಿದ್ದಳು. ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೂ ನೋಡುತ್ತಿದ್ದಳು.

ಮೂಲೆಯನ್ನು ಎಳೆಯದೆ ಒತ್ತಿ ಇಳಿದೆ.

ಒಳಗೆ ಸ್ಟೀಲ್ ಲೋಟದಲ್ಲಿ ಚಹಾ ಕೊಟ್ಟಳು, ಎದುರು ಕೂತಳು. ಕೇಳಬಾರದೆಂದುಕೊಂಡಿದ್ದನ್ನೇ ಕೇಳಿದೆ. "ಯವ್ವಾ, ನನ್ನ ಮನ್ಯಾಗ ಏನ ಕಮ್ಮಿ ಆತು?"

"ಏನೂ ಕಮ್ಮಿ ಇಲ್ಲೋ. ನಿಮ್ಮ ಮನಿ ಭಾಳ ಚಂದ ಐತಿ." ಸಕ್ಕರೆ ಡಬ್ಬಿ ಮುಂದಕ್ಕೆ ಸರಿಸಿ, "ಮದಿವ್ಯಾಗಿ ಬಂದಾಗ ಅತ್ತಿ ಮನಿ. ಆಮ್ಯಾಲೆ ನಿಮ್ಮಪ್ಪನ ಮನಿ. ಆಮ್ಯಾಲೆ ನಿನ್ನ ಮನಿ. ಇಲ್ಲೆ ಬಾಗಿಲಾ ಹಾಕ್ಕೊಂಡ್ರ ತಟ್ಟಿ ಒಳಗ ಬರ್ತಾರಪಾ," ಎಂದಳು. "ಸಕ್ರಿ ಸಾಕೇನು?"

ಸಾಕು ಎಂದೆ.

ಮರುದಿನ ಅಕ್ಕ ಪೈಪು ಹಿಡಿದು ಗಾಡಿಗೆ ಎಲ್ಲ ಕಡೆಯಿಂದ ನೀರು ಹೊಡೆದಳು. ಒಳಗೆ ಒಂದು ಹನಿ ಬರಲಿಲ್ಲ. ಸೂಟ್‌ಕೇಸ್ ಖಾಲಿಯೇ ಮರಳಿತು.

ಆ ಚಳಿಗಾಲ ಟೌರಂಗಾದಲ್ಲಿ ಜೋರು ಮಳೆಯಾಯಿತು. ಪ್ರತಿ ವಾರ ಫೋನಿನಲ್ಲಿ, ಸಹಜವಾಗಿ ಎಂಬಂತೆ, ಸೋರುತ್ತಿದೆಯೇ ಎಂದು ವಿಚಾರಿಸುತ್ತಿದ್ದೆ. "ಇಲ್ಲೋ ತಮ್ಮಾ, ನೀ ಹಾಕಿದ್ದು ಭಾಳ ಗಟ್ಟಿ ಐತಿ," ಎನ್ನುತ್ತಿದ್ದಳು ಅವ್ವ. ಪಕ್ಕದ ಮುದುಕಿಗೂ ಆ ಮೂಲೆಯನ್ನು ತೋರಿಸಿ ನನ್ನ ಹೆಸರು ಹೇಳಿದಳಂತೆ. ಜೀವನದಲ್ಲಿ ನನ್ನ ಕೆಲಸವನ್ನು ಅವ್ವ ಅಷ್ಟು ಹೊಗಳಿದ್ದಿಲ್ಲ. ನನಗೆ ನನ್ನ ಮೇಲೆಯೇ ಹೊಟ್ಟೆಕಿಚ್ಚಾಗುವುದೊಂದು ಬಾಕಿಯಿತ್ತು.

ಈ ಬೇಸಿಗೆಯಲ್ಲಿ ನಾನೊಂದು ಹಳೆಯ ಕ್ಯಾರವಾನ್, ಕಾರಿಗೆ ಕಟ್ಟಿ ಎಳೆಯುವ ಗಾಲಿಮನೆ, ಕೊಂಡೆ. ಬಣ್ಣ ಮಾಸಿದೆ, ಗಾಲಿ ಸರಿಯಿವೆ. ಒಳಗೆ ಗ್ಯಾಸಿನ ಒಲೆಯಿದೆ. ಅಲಾರಂ ಒಲೆಯಿಂದ ದೂರ, ಬಾಗಿಲ ಬಳಿ ಇದೆ. ಅದನ್ನು ಹುಲ್ಲುಹಾಸಿನ ಮೇಲೆ ನಿಲ್ಲಿಸಿದ ದಿನ ಹೆಂಡತಿ ಕಿಟಕಿಯಿಂದ ನೋಡಿ, "ಮಂದಿ ಅವ್ವನ್ನ ಮನೀಗೆ ಕರೀತಾರ. ನೀವು ಅಂಗಳಕ್ಕ ಕರ್ಯಾಕತ್ತೀರಿ," ಎಂದಳು. ಆಮೇಲೆ ತಾನೇ ಹೋಗಿ ಅದಕ್ಕೆ ಪರದೆ ಹೊಲಿಸಿಕೊಂಡು ಬಂದಳು.

ಇವತ್ತು ಮಧ್ಯಾಹ್ನ ಅಕ್ಕ ಅವ್ವನನ್ನು ಕರೆತಂದಳು. ನೋಡಿ ಹೋಗಲಷ್ಟೇ ಬರುವುದು ಎಂದು ಅವ್ವ ಮೊದಲೇ ಹೇಳಿದ್ದಳು. ಕ್ಯಾರವಾನಿಗೆ ಒಂದು ಸುತ್ತು ಹಾಕಿದಳು. ಮೆಟ್ಟಿಲು ಹತ್ತಿದಳು. ನಾನು ಹಿಂದೆ ಹತ್ತಲು ಹೋದೆ. ಬಾಗಿಲು ಹಾಕಿಕೊಂಡು ಒಳಗಿನಿಂದ ಚಿಲಕ ಜಡಿದಳು.