ಟವೆಲ್ ಕೆಳಗಿನ ದರ

ದೊಡ್ಡಬಳ್ಳಾಪುರದಿಂದ ಹೊರಟು ಮಧುರೆ ದಾಟಿ ನೆಲಮಂಗಲದ ಕಡೆ ಸ್ವಲ್ಪ ದೂರ ಹೋದರೆ ಎಡಕ್ಕೆ ಒಂದು ಕಲ್ಯಾಣ ಮಂಟಪ ಸಿಗುತ್ತದೆ. ಅದರಲ್ಲಿ ಇವತ್ತಿನವರೆಗೆ ಒಂದು ಮದುವೆಯೂ ಆಗಿಲ್ಲ. ಗೋಡೆ ಎದ್ದು, ಕಮಾನು ಎದ್ದು, ಕಿಟಕಿಗೆ ಗಾಜು ಹಾಕುವ ಹೊತ್ತಿಗೆ ಕೆಲಸ ನಿಂತುಹೋಯಿತು. ಅದರ ಅಂಗಳದಲ್ಲಿ, ಮದುಮಕ್ಕಳ ಕಾರು ನಿಲ್ಲಬೇಕಾಗಿದ್ದ ಜಾಗದಲ್ಲಿ, ಎಲೆಕ್ಟ್ರಿಕ್ ಕಾರಿಗೆ ಕರೆಂಟು ತುಂಬುವ ಎರಡು ಫಾಸ್ಟ್ ಚಾರ್ಜರ್‌ಗಳು ನಿಂತಿವೆ. ಕಾವಲಿಗೆ ಯಾರೂ ಇಲ್ಲ, ದುಡ್ಡು ಇಸಿದುಕೊಳ್ಳಲೂ ಯಾರೂ ಇಲ್ಲ. ಕಂಬದ ಮೇಲೆ ಒಂದು ಕ್ಯಾಮೆರಾ ಇದೆ, ಅಷ್ಟೆ. ಹಾಡುಹಗಲಲ್ಲೂ ಅಲ್ಲಿ ಇಳಿದರೆ ಬೆನ್ನ ಹಿಂದೆ ಯಾರೋ ನಿಂತಿದ್ದಾರೆ ಅನಿಸುತ್ತಿತ್ತು. ಒಂದೂವರೆ ವರ್ಷ, ವಾರಕ್ಕೆರಡು ಸಲ, ಅಪ್ಪನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ನಾನು ಅಲ್ಲಿ ಕಾದಿದ್ದೇನೆ.

ಅಪ್ಪನ ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ಮಂಗಳವಾರ, ಶುಕ್ರವಾರ ನೆಲಮಂಗಲದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಅದಕ್ಕೂ ಮೊದಲೇ ಲಕ್ವ ಹೊಡೆದು ಎಡಗೈ, ಎಡಗಾಲು, ಮಾತು ಮೂರೂ ಹೋಗಿದ್ದವು. ಬಲಗೈ ಮಾತ್ರ ಗಟ್ಟಿಯಿತ್ತು. ಮೊದಲ ದಿನವೇ ಅಲ್ಲಿನ ನರ್ಸು ನನಗೆ ಖಡಕ್ಕಾಗಿ ಹೇಳಿದ್ದಳು: "ಹನ್ನೊಂದು ಅಂದ್ರೆ ಹನ್ನೊಂದು. ತಡ ಆದ್ರೆ ಬೆಡ್ ಇನ್ನೊಬ್ರಿಗೆ ಹೋಗ್ತದೆ. ಒಂದ್ಸಲ ತಪ್ಪಿದ್ರೆ ನೀರು ಎದೆಗೆ ಏರ್ತದೆ, ಆಮೇಲೆ ನಮ್ಮನ್ನ ಬೈಬೇಡಿ."

ನಾನು ದೊಡ್ಡಬಳ್ಳಾಪುರದಲ್ಲಿ ಸೀರೆಗೆ ಕುಚ್ಚು ಕಟ್ಟಿಸುವ ಕೆಲಸ ಮಾಡುತ್ತೇನೆ. ಮಗ್ಗದವರಿಂದ ಸೀರೆ ತಂದು, ಕುಚ್ಚು ಹಾಕಿಸಿ, ಅಂಗಡಿಗಳಿಗೆ ಮುಟ್ಟಿಸಬೇಕು. ಅದಕ್ಕೂ ಆಸ್ಪತ್ರೆಗೂ ಆಗಲಿ ಎಂದು ಟ್ಯಾಕ್ಸಿಗೆ ಓಡಿದ್ದ ಒಂದು ಹಳೇ ಎಲೆಕ್ಟ್ರಿಕ್ ಕಾರು ಕೊಂಡೆ. ಮನೆ ಇರುವುದು ನೇಯುವವರ ಗಲ್ಲಿಯಲ್ಲಿ. ಕಾರು ಒಳಗೆ ಬರುವುದಿಲ್ಲ, ಬಂದರೂ ಮನೆಯ ಮಾಲೀಕ ಪ್ಲಗ್ಗು ಕೊಡುವುದಿಲ್ಲ. "ಮಗ್ಗದ ಲೈನಿಗೆ ಕಾರು ಹಚ್ಚಿದ್ರೆ ಮಗ್ಗ ನಿಂತೋಗ್ತದೆ ಕಣಮ್ಮಾ" ಎಂದುಬಿಟ್ಟ. ಆಸ್ಪತ್ರೆಗೆ ಹೋಗಿಬರಲು ಎಪ್ಪತ್ತು ಕಿಲೋಮೀಟರು. ಆ ಮುದಿ ಬ್ಯಾಟರಿಗೆ ಅಷ್ಟು ದಮ್ಮಿರಲಿಲ್ಲ. ಹಾಗಾಗಿ ದಾರಿಯಲ್ಲಿ ಆ ಮಂಟಪದ ಅಂಗಳವೇ ಗತಿ. ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ ಅನ್ನುತ್ತಾರಲ್ಲ, ಹಾಗೆ.

ಮೊದಮೊದಲು ಯೂನಿಟ್ಟಿಗೆ ಹದಿನೈದು ರೂಪಾಯಿ ಇತ್ತು. ಒಂದು ಮಂಗಳವಾರ ಹದಿನೆಂಟಾಯಿತು. ಶುಕ್ರವಾರ ಹದಿನಾರು, ಮುಂದಿನ ಮಂಗಳವಾರ ಇಪ್ಪತ್ತೆರಡು. ಬೆಳಿಗ್ಗೆ ಮನೆಯಲ್ಲಿ ಆಪ್ ತೆರೆದರೆ ಒಂದು ದರ, ಅಲ್ಲಿಗೆ ಹೋಗಿ ಚಾರ್ಜರಿನ ಗನ್ನು ಕೈಗೆ ತೆಗೆದುಕೊಳ್ಳುವ ಹೊತ್ತಿಗೆ ಇನ್ನೊಂದು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಬೆಲೆ ಹೆಚ್ಚಾದರೆ ಬೈದು ಕೊಡಬಹುದು. ಬೆಲೆ ಯಾವುದೆಂದೇ ತಿಳಿಯದಿದ್ದರೆ ಯಾರನ್ನು ಬೈಯುವುದು?

ಒಂದು ದಿನ ಪಕ್ಕದ ಚಾರ್ಜರಿಗೆ ಏರ್‌ಪೋರ್ಟಿಗೆ ಓಡಿಸುವ ಟ್ಯಾಕ್ಸಿ ಡ್ರೈವರ್ ಒಬ್ಬ ಬಂದಿದ್ದ. ನನ್ನ ಮುಖ ನೋಡಿ ತಾನಾಗಿ ಕೇಳಿದ.

"ನಿಮ್ಗೆಷ್ಟು ತೋರಿಸ್ತಾ ಇದೆ ಅಕ್ಕಾ?"

"ಇಪ್ಪತ್ತನಾಲ್ಕು."

ಅವನು ತನ್ನ ಫೋನು ತಿರುಗಿಸಿ ತೋರಿಸಿದ. ಹದಿನೆಂಟು. "ಅದೇ ಕಂಪನಿ, ಅದೇ ಟೈಮು. ಇದೇನು, ಮುಖ ನೋಡಿ ಮಣೆ ಹಾಕ್ತದಾ?" ಎಂದು ನಕ್ಕ. ನನಗೆ ನಗು ಬರಲಿಲ್ಲ. ಅವನಿಗೆ ಅವಸರವಿರಲಿಲ್ಲ, ಸೀಟು ಮಲಗಿಸಿಕೊಂಡು ನಿದ್ದೆಗೆ ಇಳಿದ. ನನಗೆ ಹನ್ನೊಂದು ಗಂಟೆಯ ಬೆಡ್ಡಿತ್ತು.

ಅವತ್ತೇ ಗ್ರಾಹಕರ ಸಹಾಯವಾಣಿಗೆ ಫೋನು ಮಾಡಿದೆ. ಹೆಣ್ಣು ದನಿ, ಗಂಜಿಯಲ್ಲಿ ಅದ್ದಿ ಇಸ್ತ್ರಿ ಮಾಡಿದ ಕನ್ನಡ.

"ದರವು ಬೇಡಿಕೆಗೆ ಅನುಗುಣವಾಗಿ ಬದಲಾಗುತ್ತದೆ ಮೇಡಂ."

"ನೋಡಮ್ಮಾ, ಇಲ್ಲಿ ಒಬ್ಬ ನಿದ್ದೆ ಹೊಡೀತಾವ್ನೆ, ಇನ್ನೊಬ್ಬಳು ನಾನು. ಬೇರೆ ನರಪಿಳ್ಳೆ ಇಲ್ಲ. ಯಾರ ಬೇಡಿಕೆ ಇದು?"

ಅದೇ ದನಿ, ಅದೇ ನಯದಲ್ಲಿ ಹೇಳಿತು: "ನಿಮ್ಮ ಬೇಡಿಕೆ ಮೇಡಂ."

ಅದು ಹೆಂಗಸೋ ಯಂತ್ರವೋ ನನಗೆ ಇವತ್ತಿಗೂ ಗೊತ್ತಿಲ್ಲ. ಫೋನಿಟ್ಟ ಮೇಲೂ ಆ ಮಾತು ಕಿವಿಯಲ್ಲೇ ಇತ್ತು.

ಅಪ್ಪನ ಕೈಯ ವಿಷಯ ಹೇಳಬೇಕಾದರೆ ಅವನ ಕಸುಬು ಹೇಳಬೇಕು. ಅವನು ದನಗಳ ದಲ್ಲಾಳಿ. ನಲವತ್ತು ವರ್ಷ ಸಂತೆಯಿಂದ ಸಂತೆಗೆ ತಿರುಗಿ ಎತ್ತು ಮಾರಿಸಿದವನು. ಆ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಸುತ್ತ ನಿಂತವರಿಗೆ ತಿಳಿಯಬಾರದೆಂದು ಇಬ್ಬರ ಕೈಯ ಮೇಲೆ ಟವೆಲ್ ಮುಚ್ಚಿ, ಒಳಗೆ ಬೆರಳು ಹಿಡಿದು ಹೇಳುತ್ತಾರೆ. ಅಪ್ಪನ ಲೆಕ್ಕ ಹೀಗಿತ್ತು: ಬೆರಳಿನ ಬುಡ ಹಿಡಿದರೆ ಹತ್ತು, ತುದಿ ಒತ್ತಿದರೆ ಒಂದು. ಅಂಗೈ ಹಿಂಬದಿಯ ಮೇಲೆ ಹೆಬ್ಬೆರಳು ಒತ್ತಿದರೆ ಒಪ್ಪಿಗೆ. ಕೈ ಹೊರಗೆ ಕಿತ್ತುಕೊಂಡರೆ ವ್ಯಾಪಾರ ಮುರಿದಂತೆ. ನಾನು ಚಿಕ್ಕವಳಿದ್ದಾಗ ಸಂಜೆ ಜಗಲಿಯಲ್ಲಿ ಕೂತು ನನ್ನ ಕೈ ಹಿಡಿದೇ ಇದನ್ನೆಲ್ಲ ಆಡಿಸುತ್ತಿದ್ದ.

ಮಾತು ಹೋದ ಮೇಲೂ ಅವನ ಚೌಕುಳಿ ಟವೆಲ್ ತೊಡೆಯ ಮೇಲೆ ಇದ್ದೇ ಇರುತ್ತಿತ್ತು. ಒಂದು ಮಂಗಳವಾರ ಮಂಟಪದ ಗೇಟಿನ ಹತ್ತಿರ ಕಾರು ತಿರುಗಿಸುವಾಗ ಅವನು ನನ್ನ ಎಡಗೈ ಎಳೆದು ಟವೆಲ್ ಕೆಳಗೆ ಇಟ್ಟುಕೊಂಡ. ಎರಡು ಬೆರಳಿನ ಬುಡ ಹಿಡಿದ, ಆಮೇಲೆ ಮೂರು ತುದಿ ಒತ್ತಿದ. ಪಾಪ, ಹಳೇ ಕಸುಬು ನೆನಪಾಗಿದೆ ಎಂದುಕೊಂಡೆ. ಇಳಿದು ಆಪ್ ತೆರೆದರೆ ದರ ಇಪ್ಪತ್ತಮೂರು.

ಶುಕ್ರವಾರ ಹತ್ತೊಂಬತ್ತು ಒತ್ತಿದ. ಹತ್ತೊಂಬತ್ತೇ ಇತ್ತು. ಮುಂದಿನ ವಾರ ನಾನು ಬೆಳಗಿನಿಂದ ಆಪ್ ನೋಡಲೇ ಇಲ್ಲ, ಫೋನನ್ನು ಸೀರೆ ಗಂಟಿನ ಕೆಳಗೆ ಹಾಕಿಟ್ಟೆ. ಆದರೂ ಅವನು ಒತ್ತಿದ್ದೇ ಇತ್ತು. ಅಪ್ಪನ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಎದುರಿಗಿದ್ದ ತಟ್ಟೆ ಕಾಣುತ್ತಿರಲಿಲ್ಲ. ಅವನು ಚಾರ್ಜರಿನ ಕಡೆ ತಿರುಗುತ್ತಲೂ ಇರಲಿಲ್ಲ. ಮುಖ ನನ್ನ ಕಡೆಗೇ ಇರುತ್ತಿತ್ತು. ನನಗೆ ಭಯವಾಗತೊಡಗಿತು. ಯಾರಿಗಾದರೂ ಹೇಳಿದರೆ ಇವಳಿಗೂ ತಲೆ ಕೆಟ್ಟಿತು ಅನ್ನುತ್ತಾರೆ ಎಂದು ಸುಮ್ಮನಿದ್ದೆ.

ಹೇಗೆ ಎಂದು ಆಮೇಲೆ ಯೋಚಿಸಿದ್ದೇನೆ. ನಾನು ಚಿಕ್ಕವಳಿದ್ದಾಗ ಒಮ್ಮೆ ಮುಂಗಾರಿನ ಹೊತ್ತಿಗೆ ನಮ್ಮ ಮನೆಗೆ ಒಬ್ಬ ರೈತ ಬಂದಿದ್ದ. ಅವನ ಜೋಡಿಯಲ್ಲಿ ಒಂದೆತ್ತು ಸತ್ತಿತ್ತು. ಬರಿಗಾಲು, ಹಿಮ್ಮಡಿಯಲ್ಲಿ ಹಸಿ ಮಣ್ಣು. ಅಪ್ಪ ಅವನಿಗೆ ಎತ್ತು ಕೊಡಿಸಿದ. ಹಿಂದಿನ ದಿನ ಬೇರೆಯವರಿಗೆ ಹೇಳಿದ್ದ ಬೆಲೆಗಿಂತ ಹೆಚ್ಚಿಗೆ. ಅವನು ಹೋದ ಮೇಲೆ ನಾನು ಕೇಳಿದೆ. ಅಪ್ಪ ಬೀಡಿ ಹಚ್ಚಿಕೊಂಡು ಹೇಳಿದ: "ಬೆಲೆ ಎತ್ತಿನ ಮೇಲೆ ಇರಲ್ಲ ಕಣವ್ವಾ. ಕೊಳ್ಳೋನ ಕಾಲ್ಮೇಲೆ ಇರ್ತದೆ. ಬೇಕೇ ಬೇಕು ಅಂತ ಬಂದೋನಿಗೆ ಏರ್ತದೆ. ಬೇಡ ಅನ್ನೋನಿಗೆ ಇಳೀತದೆ."

ಬಹುಶಃ ಅಪ್ಪ ಓದುತ್ತಿದ್ದದ್ದು ನನ್ನನ್ನು. ನಾನು ಬ್ರೇಕು ಒತ್ತುವ ರೀತಿ, ನನ್ನ ಅಂಗೈಯ ಬೆವರು, ತಡವಾಯಿತೆಂದು ನಾನು ಬಿಡುತ್ತಿದ್ದ ಉಸಿರು. ತಡವಾದ ದಿನ ದರ ಏರುತ್ತಿತ್ತು ಎಂಬುದು ನಿಜ. ಆದರೆ ಅಂಕಿ ಅಷ್ಟು ಕರಾರುವಾಕ್ಕಾಗಿ ಹೇಗೆ ಕೂಡುತ್ತಿತ್ತು? ಆ ಪೆಟ್ಟಿಗೆಯೊಳಗೆ ಅಪ್ಪನಂಥವನೇ ಒಬ್ಬ ಕೂತು ನನ್ನ ಕಾಲು ನೋಡುತ್ತಿದ್ದಾನೆ ಅನಿಸುತ್ತಿತ್ತು. ಇಬ್ಬರು ದಲ್ಲಾಳಿಗಳು ನನ್ನನ್ನು ನಡುವೆ ನಿಲ್ಲಿಸಿಕೊಂಡು ಒಂದೇ ಬೆಲೆಗೆ ಬರುತ್ತಿದ್ದರು.

ಆ ಶುಕ್ರವಾರ ಬೇರೆಯೇ ಆಯಿತು. ಹಿಂದಿನ ದಿನ ಸೀರೆ ಮುಟ್ಟಿಸಲು ಅಂಗಡಿ ಅಂಗಡಿ ಓಡಾಡಿ ಬ್ಯಾಟರಿ ಸೋತಿತ್ತು. ಮಂಟಪ ತಲುಪಿದಾಗ ಶೇಕಡಾ ಹನ್ನೆರಡು. ಗಂಟೆ ಹತ್ತೂಕಾಲು. ಅಪ್ಪ ಮೂರು ಬುಡ ಹಿಡಿದು ಒಂದು ತುದಿ ಒತ್ತಿದ. ಮೂವತ್ತೊಂದು. ಇರಲಾರದು ಎಂದು ಆಪ್ ತೆರೆದೆ. ಮೂವತ್ತೊಂದೇ ಇತ್ತು.

ನನ್ನ ಮೈ ಉರಿಯಿತು. ಅಪ್ಪನೇ ಕಲಿಸಿದ ಪಾಠ ತಲೆಗೆ ಬಂತು. ಬೆಲೆ ಕೂಡದಿದ್ದರೆ ಕೈ ಕಿತ್ತುಕೊಂಡು ಎದ್ದು ನಡಿ, ಹತ್ತು ಹೆಜ್ಜೆಯೊಳಗೆ ಮಾರುವವನು ಕರೆದೇ ಕರೆಯುತ್ತಾನೆ. ನಲವತ್ತು ವರ್ಷದಲ್ಲಿ ತಪ್ಪಿಲ್ಲದ ಪಾಠ. ಮುಂದೆ ನೆಲಮಂಗಲದ ಗೋದಾಮುಗಳ ಹತ್ತಿರ ಹೊಸದಾಗಿ ಇನ್ನೊಂದು ಚಾರ್ಜರ್ ಬಂದಿತ್ತು, ಹತ್ತು ಕಿಲೋಮೀಟರು. ಹೇಗೋ ಹೋಗುತ್ತದೆ.

"ಇಟ್ಕೋ ನಿನ್ ಕರೆಂಟು" ಎಂದು ಆ ಪೆಟ್ಟಿಗೆಗೆ ಹೇಳಿದೆ.

ಅಪ್ಪ ನನ್ನ ಕೈ ಬಿಟ್ಟಿರಲಿಲ್ಲ. ಟವೆಲ್ ಕೆಳಗೆ ಹೆಬ್ಬೆರಳನ್ನು ನನ್ನ ಅಂಗೈ ಹಿಂಬದಿಗೆ ಒತ್ತಿದ. ಇನ್ನೂ ಗಟ್ಟಿಯಾಗಿ ಒತ್ತಿದ. ಒಪ್ಪಿಕೋ, ಕೊಡು ಎಂದು. ಅವನ ಉಗುರು ನನ್ನ ಚರ್ಮಕ್ಕೆ ಇಳಿಯಿತು. ನಾನು ಕೈ ಕಿತ್ತುಕೊಂಡು ಗಾಡಿ ತಿರುಗಿಸಿದೆ.

ಗೇಟು ದಾಟುವಾಗ ಫೋನು ಟಿಣ್ ಎಂದಿತು. ನೋಡು, ಕರೆದ ಎಂದುಕೊಂಡೆ. ತೆರೆಯ ಮೇಲೆ ಹೀಗಿತ್ತು: "ನೀವು ಹತ್ತಿರದಲ್ಲೇ ಇದ್ದೀರಿ. ಈಗಲೇ ಚಾರ್ಜ್ ಮಾಡಿ." ಕೆಳಗೆ ದರ. ಮೂವತ್ಮೂರು.

ಕರೆದು ಬೆಲೆ ಏರಿಸುವ ದಲ್ಲಾಳಿಯನ್ನು ನಾನು ಕಂಡಿರಲಿಲ್ಲ. ಅಲ್ಲೇ ನನಗೆ ಬುದ್ಧಿ ಬರಬೇಕಿತ್ತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅನ್ನುತ್ತಾರೆ. ನಾನು ಅವತ್ತು ಮೂಗು ಕೊಯ್ದುಕೊಂಡೇ ಹೋದೆ.

ಮುಂದೆ ಲಾರಿಗಳ ಸಾಲು. ಬಿಸಿಲಿಗೆ ಅಪ್ಪನಿಗೆ ಉಸಿರು ಕಟ್ಟುತ್ತದೆಂದು ಎ.ಸಿ. ಹಾಕಿದ್ದೆ. ಒಂಬತ್ತು, ಏಳು, ನಾಲ್ಕು. ಗೋದಾಮಿನ ತಗಡಿನ ಮಾಡು ಕಾಣುವಷ್ಟು ದೂರದಲ್ಲಿ ಕಾರು ಸದ್ದಿಲ್ಲದೆ ನಿಂತಿತು. ಆ ಕಾರುಗಳು ಹಾಗೆಯೇ, ಕೆಮ್ಮುವುದೂ ಇಲ್ಲ, ನರಳುವುದೂ ಇಲ್ಲ. ಖಾಲಿ ಆಟೋ ಒಂದೂ ಸಿಗಲಿಲ್ಲ. ಕೊನೆಗೆ ಒಬ್ಬ ಲಾರಿ ಡ್ರೈವರು ಅಪ್ಪನನ್ನು ಎತ್ತಿ ತನ್ನ ಕ್ಯಾಬಿನ್ನಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಬಿಟ್ಟ. ಹನ್ನೆರಡೂವರೆ ಆಗಿತ್ತು. ಬೆಡ್ಡಿನಲ್ಲಿ ಬೇರೆಯವರು ಮಲಗಿದ್ದರು. ನರ್ಸು ಗಡಿಯಾರ ನೋಡಿದಳು, ನನ್ನನ್ನು ನೋಡಿದಳು, "ನಾಳೆ ಬೆಳಿಗ್ಗೆ ಬನ್ನಿ" ಅಂದಳು.

ರಾತ್ರಿಯೇ ನೀರು ಎದೆಗೇರಿತು. ಐದು ದಿನ ಐ.ಸಿ.ಯು.ನಲ್ಲಿಟ್ಟರು. ಬದುಕಿ ಬಂದ, ಆದರೆ ಅರ್ಧ ಅಪ್ಪ ಬಂದ. ಆಮೇಲೆ ಎರಡು ತಿಂಗಳು ನಾನು ದರ ನೋಡದೆ, ತೋರಿಸಿದಷ್ಟು ಕೊಟ್ಟು ಕರೆಂಟು ತುಂಬಿಸಿದೆ. ಗೇಟಿನ ಹತ್ತಿರ ಬಂದಾಗ ನಾನೇ ನನ್ನ ಕೈಯನ್ನು ಟವೆಲ್ ಕೆಳಗಿಟ್ಟು "ಎಷ್ಟಪ್ಪಾ ಇವತ್ತು?" ಎಂದು ಕೇಳುತ್ತಿದ್ದೆ. ಅವನ ಬೆರಳು ಬಿಸಿಯಾಗಿಯೇ ಇರುತ್ತಿತ್ತು, ಅಲುಗುತ್ತಿರಲಿಲ್ಲ. ಹಾಗೆಯೇ ಒಂದು ಬುಧವಾರ ಮಧ್ಯಾಹ್ನ, ಮನೆಯಲ್ಲಿ, ಮಗ್ಗಗಳ ಸದ್ದಿನ ನಡುವೆ ಹೋಗಿಬಿಟ್ಟ. ಅದೊಂದು ದಿನ ತಪ್ಪಿದ್ದಕ್ಕೇ ಹೀಗಾಯಿತು ಅಂತ ಹೇಳಕ್ಕಾಗಲ್ಲಮ್ಮ ಎಂದರು ಡಾಕ್ಟರು. ಅದರಿಂದಲ್ಲ ಎಂದೂ ಅವರು ಹೇಳಲಿಲ್ಲ. ನನಗೆ ನನ್ನ ಮೇಲೆ ಕೋಪವಿದೆ, ಅದು ಇಳಿದಿಲ್ಲ.

ಹನ್ನೊಂದನೇ ದಿನ ತಿಥಿ. ನೆಂಟರು ಎಲೆ ಎತ್ತಿ ಕೈ ತೊಳೆಯುತ್ತಿದ್ದಾಗ ಫೋನು ಟಿಣ್ ಎಂದಿತು. "ನಿಮ್ಮನ್ನು ಕಾಣದೆ ಬಹಳ ದಿನಗಳಾದವು. ನಿಮಗಾಗಿ ಮಾತ್ರ, ಯೂನಿಟ್ಟಿಗೆ ಒಂಬತ್ತು ರೂಪಾಯಿ."

ಒಂದೂವರೆ ವರ್ಷದಲ್ಲಿ ನಾನು ಹದಿನೈದರ ಕೆಳಗೆ ನೋಡಿರಲಿಲ್ಲ. ಕೈಯಲ್ಲಿದ್ದ ಚೆಂಬನ್ನು ಕೆಳಗಿಟ್ಟು ಅಲ್ಲೇ ಹೊಸ್ತಿಲ ಮೇಲೆ ಕೂತೆ. ನಮ್ಮ ಮನೆಯಲ್ಲಿ ಏನಾಯಿತೆಂದು ಅದಕ್ಕೆ ಯಾರು ಹೇಳಿದರು? ಯಾರೂ ಹೇಳಿರಲಿಲ್ಲ. ನನಗೆ ಇನ್ನು ಅವಸರವಿಲ್ಲ ಎಂಬುದಷ್ಟೇ ಅದಕ್ಕೆ ಗೊತ್ತಾಗಿತ್ತು. ಬೇಡ ಅನ್ನುವವಳಿಗೆ ಬೆಲೆ ಇಳಿದಿತ್ತು.

ಮುಂದಿನ ಮಂಗಳವಾರ ಹತ್ತು ಗಂಟೆಗೆ ಸುಮ್ಮನೆ ಅಲ್ಲಿಗೆ ಹೋದೆ. ಯಾಕೆ ಹೋದೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಮಂಟಪದ ಅಂಗಳದಲ್ಲಿ ಒಂದು ಹುಳುವೂ ಇರಲಿಲ್ಲ. ಚಾರ್ಜರ್ ಸಣ್ಣಗೆ ಗುಂಯ್‌ಗುಡುತ್ತಿತ್ತು. ಪಕ್ಕದ ಸೀಟಿನ ಮೇಲೆ ಚೌಕುಳಿ ಟವೆಲ್ ಹಾಸಿದ್ದೆ. ಅದರ ಕೆಳಗೆ ಕೈಯಿಟ್ಟು ಬಹಳ ಹೊತ್ತು ಕಾದೆ. ಯಾರೂ ಒತ್ತಲಿಲ್ಲ.

ಕೊನೆಗೆ ನಾನೇ ಎರಡೂ ಕೈಯನ್ನು ಟವೆಲ್ ಕೆಳಗೆ ತಂದು, ನನ್ನ ಎಡಗೈಯ ಮೂರು ಬೆರಳಿನ ಬುಡ ಹಿಡಿದೆ, ಒಂದರ ತುದಿ ಒತ್ತಿದೆ. ಆ ಶುಕ್ರವಾರದ ಮೂವತ್ತೊಂದು. ಆಮೇಲೆ ಅಂಗೈ ಹಿಂಬದಿಯಲ್ಲಿ ಅವನ ಉಗುರಿನ ಗುರುತಿದ್ದ ಜಾಗ ಹುಡುಕಿ ಹೆಬ್ಬೆರಳು ಒತ್ತಿ ಹಾಗೇ ಇಟ್ಟುಕೊಂಡೆ. ತೆರೆಯ ಮೇಲೆ ಒಂಬತ್ತು ಹಾಗೇ ಇತ್ತು.