ತೊಳೆಯದೆ ಉಳಿದ ರೋಲು

ಗಜಣ್ಣನ ಮನೆಯಲ್ಲಿ ಮನುಷ್ಯರಿಗಿಂತ ಮೊದಲು ಫಿಲ್ಮಿಗೆ ಸ್ನಾನ. ಸಿದ್ದಾಪುರದ ಶಾಲೆಗೆ ವರ್ಗವಾಗಿ ಬಂದು ಅವರ ಮನೆಯ ಮುಂದಿನ ಭಾಗವನ್ನು ಬಾಡಿಗೆಗೆ ಹಿಡಿದ ಮೊದಲ ಭಾನುವಾರವೇ ಇದು ನನಗೆ ಗೊತ್ತಾಯಿತು. ಟವೆಲು ಹೆಗಲಿಗೆ ಹಾಕಿಕೊಂಡು ಹೋದರೆ ಬಚ್ಚಲಮನೆಯ ಬಾಗಿಲು ಭದ್ರ. ಸಂದಿಗೆಲ್ಲ ಕರಿ ಕಂಬಳಿ ತುರುಕಿತ್ತು. ಒಳಗೆ ನೀರಿನಲ್ಲಿ ಏನೋ ತಿರುಗುವ ಸದ್ದು.

“ಎಷ್ಟೊತ್ತಾಗ್ತದ್ರೀ ಗಜಣ್ಣ?” ಎಂದು ಕೂಗಿದೆ.

“ತಡಿ ತಂಗಿ, ಫಿಲ್ಮ್ ಮೀತಾ ಇದ್ದು. ಬಾಗಿಲು ಮುಟ್ಟಡ!”

ನಾನು ಬನವಾಸಿ ಕಡೆಯವಳು. ಅವರು ಯಾರ ಜೊತೆಗಾದರೂ ತಮ್ಮ ಮನೆಮಾತನ್ನೇ ಆಡುವವರು; ಅದರಲ್ಲಿ ‘ನಾನು’ ಎಂಬುದು ‘ಆನು’, ಹೆಂಗಸರೂ ‘ಅದು’. ಅರವತ್ತು ದಾಟಿದ ಸಣಕಲು ಮನುಷ್ಯ. ತಲೆತುಂಬ ಬೆಳ್ಳಗಿನ ಕೂದಲು, ಔಷಧಿ ನೀರಿನಲ್ಲಿ ಅದ್ದಿ ಅದ್ದಿ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿದ ಉಗುರು. ಪೇಟೆಯಲ್ಲಿದ್ದ ಅವರ ಸ್ಟುಡಿಯೋ ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಮುಚ್ಚಿತ್ತು. ಆದರೆ ಹಳೆಯ ಕ್ಯಾಮೆರಾಗಳ ಹುಚ್ಚು ಹಿಡಿಸಿಕೊಂಡ ಹುಡುಗರು ಎಲ್ಲೆಲ್ಲಿಂದಲೋ ಸಿನಿಮಾ ಫಿಲ್ಮಿನ ಉದ್ದುದ್ದ ರೋಲುಗಳನ್ನು ತೊಳೆದು ಚಿತ್ರ ಮೂಡಿಸಿಕೊಡಿ ಎಂದು ಕೊರಿಯರಿನಲ್ಲಿ ಕಳಿಸುತ್ತಿದ್ದರು. ಅದಕ್ಕೆಂದೇ ಬಾವಿಯ ರಾಟೆಯಂಥ ಮರದ ಚಕ್ರವೊಂದನ್ನು ಗಜಣ್ಣ ತಾವೇ ಕಟ್ಟಿಕೊಂಡಿದ್ದರು. ಕತ್ತಲಲ್ಲಿ ಫಿಲ್ಮನ್ನು ಅದಕ್ಕೆ ಸುತ್ತಿ, ಕೆಳಗಿನ ತೊಟ್ಟಿಯ ಔಷಧಿಗೆ ತಾಗುವಂತೆ ಕೈಯಿಂದ ತಿರುಗಿಸುತ್ತಲೇ ಇರಬೇಕು. ತೊಳೆದದ್ದು ಜಗಲಿಯ ಬಟ್ಟೆ ಹಗ್ಗಗಳ ಮೇಲೆ ಆ ತುದಿಗೂ ಈ ತುದಿಗೂ ಹಾದು ಒಣಗುತ್ತಿತ್ತು. ಯಾರದೋ ಮದುವೆ, ಯಾರೋ ನೋಡಿದ ಸಮುದ್ರದ ಕೆಳಗೆ ತಲೆ ಬಗ್ಗಿಸಿ ನಾನು ಶಾಲೆಗೆ ಹೋಗುತ್ತಿದ್ದೆ.

“ತಲೆ ತಾಗ್ಸಡ ತಂಗಿ, ಈಗಷ್ಟೇ ಹುಟ್ಟಿದ್ದು,” ಎನ್ನುತ್ತಿದ್ದರು.

ಹೆಂಡತಿ ಶಾರದೆ ಮದುವೆಯಾಗಿ ಕೆಲವೇ ವರ್ಷಗಳಲ್ಲಿ ಮಂಗನ ಜ್ವರದಿಂದ ತೀರಿಕೊಂಡಿದ್ದರು. ಫೋಟೋಗ್ರಾಫರನ ಮನೆಯಲ್ಲಿ ಆಕೆಯ ಒಂದು ಫೋಟೋ ಇರಲಿಲ್ಲ. ಮದುವೆಯ ಆಲ್ಬಮ್ಮು ಒಂದು ಮಳೆಗಾಲದಲ್ಲಿ ನೀರು ಕುಡಿದು ಹಾಳಾಗಿತ್ತಂತೆ. ಆಮೇಲೆ ಯಾಕೆ ತೆಗೆಯಲಿಲ್ಲ ಎಂದರೆ, “ಮನೇಲೇ ಇದ್ದಲ, ನಾಳೆ ತೆಗದ್ರಾತು ಹೇಳಿ ಊರವರದ್ದೆಲ್ಲ ತೆಗದೆ,” ಎಂದು ಒಳಗೆ ಹೋಗಿಬಿಟ್ಟರು.

ನಾನು ಫ್ರಿಜ್ಜು ತಂದ ಮರುದಿನ ಬಂದು ಬಾಗಿಲಲ್ಲೇ ನಿಂತರು. ಕೈಯಲ್ಲಿ ಸುತ್ತ ಟೇಪು ಹಚ್ಚಿದ ಚಪ್ಪಟೆ ತಗಡಿನ ಡಬ್ಬಿ.

“ಇದನ್ನ ಒಂದು ಬದಿಗೆ ಇಡಲಕ್ಕ? ಇಷ್ಟು ದಿನ ಮಣ್ಣಿನ ಕೊಡದ ಹತ್ರ ಇತ್ತು. ಅಲ್ಲಿ ಸೆಖೆ.”

“ಏನೈತ್ರೀ ಅದ್ರಾಗ?”

“ಶಾರದೆ ಇದ್ದು,” ಎಂದರು.

ನನ್ನ ಮುಖ ನೋಡಿ ಆಮೇಲೆ ವಿವರಿಸಿದರು. ಶಾರದೆಗೆ ಜ್ವರ ಬರುವ ಸ್ವಲ್ಪ ಮೊದಲು ಇಬ್ಬರೂ ಉಮ್ಮಚಗಿಯ ಆಕೆಯ ತವರಿಗೆ ಹೋಗಿದ್ದರು. ಕೀಲಿ ತಿರುಗಿಸಿ ಓಡಿಸುವ ಮೂವಿ ಕ್ಯಾಮೆರಾ ಒಯ್ದಿದ್ದರು. ಬಾವಿಕಟ್ಟೆಯ ಹತ್ತಿರ ಹೆಂಡತಿಯನ್ನು ನಿಲ್ಲಿಸಿ ರೋಲು ಮುಗಿಯುವವರೆಗೂ ತೆಗೆದ ನೆನಪು. ಆಕೆ ಹೋದ ಮೇಲೆ ಅದನ್ನು ತೊಳೆಯಲು ಕೈ ಬರಲಿಲ್ಲ. “ಹಳೇ ಫಿಲ್ಮು. ತೊಳೆವಾಗ ಕೆಟ್ಟು ಹೋದ್ರೆ ಮತ್ತೊಂದ್ಸಲ ಸತ್ತಾಂಗೆ ಆಗ್ತು.”

ಅಂದಿನಿಂದ ಹಾಲು ತೆಗೆಯಲು ಫ್ರಿಜ್ಜು ತೆರೆದಾಗೆಲ್ಲ, ಒಳಗಿರುವವರಿಗೆ ತೊಂದರೆಯಾದೀತು ಎಂಬಂತೆ ಮೆಲ್ಲಗೆ ಮುಚ್ಚುತ್ತಿದ್ದೆ. ಶಾಲೆಯಿಂದ ಬಂದಾಗ ಮನೆಯಲ್ಲಿ ಇನ್ನೊಬ್ಬರು ಇದ್ದಾರೆ ಅನ್ನಿಸುತ್ತಿತ್ತು.

ಆ ಚಳಿಗಾಲ ಗಜಣ್ಣ ಎದುರಿಗಿದ್ದ ಜಗಲಿಯ ಕಂಬ ಕಾಣದೆ ಹಣೆ ಬಡಿಸಿಕೊಂಡರು. ಶಿರಸಿಯ ಕಣ್ಣಿನ ಡಾಕ್ಟರು ನರ ಒಣಗುತ್ತಿದೆ, ಇರುವ ನೋಟವೂ ನಿಧಾನಕ್ಕೆ ಹೋಗುತ್ತದೆ ಎಂದರು. ಬಸ್ಸಿಳಿದು ನೇರ ನನ್ನ ಬಾಗಿಲಿಗೆ ಬಂದು, “ಡಬ್ಬಿ ಕೊಡು ತಂಗಿ. ಕಣ್ಣು ಹೋದ್ಮೇಲೆ ತೊಳದು ಎಂತ ಮಾಡವು?” ಎಂದರು.

ಭಾನುವಾರ ಬೆಳಿಗ್ಗೆ ಬಾವಿಯ ತಣ್ಣೀರು ತುಂಬಿಕೊಂಡು ಬಚ್ಚಲು ಸೇರಿದರು. ಬೇರೆ ದಿನ ಒಳಗಿಂದ ಯಕ್ಷಗಾನದ ಪದ ಗುನುಗುತ್ತಿದ್ದವರು ಅವತ್ತು ಉಸಿರೆತ್ತಲಿಲ್ಲ. ಚಕ್ರದ ಸದ್ದು ನಿಂತಾಗೆಲ್ಲ ಹೊರಗೆ ಕೂತ ನಾನು ಎದ್ದು ಬಾಗಿಲಿಗೆ ಕಿವಿ ಹಚ್ಚುತ್ತಿದ್ದೆ.

ಕೊನೆಗೆ ಬಾಗಿಲು ತೆರೆದು, “ಬೈಂದು,” ಎಂದರು. ಚಿತ್ರ ಬಂದಿತ್ತು. ಹೊಗೆಯೊಳಗಿಂದ ಕಂಡ ಹಾಗೆ ಮಂಕಾಗಿ, ಆದರೂ ಬಂದಿತ್ತು.

ಫಿಲ್ಮನ್ನು ಹಗ್ಗಗಳಿಗೆ ಹಾಕಿ, ಭೂತಗನ್ನಡಿ ಹಿಡಿದು ಮೊದಲ ತುದಿಯಿಂದ ನೋಡುತ್ತ ನಡೆದರು. ಅಂಗಳದ ಮಕ್ಕಳು. ಒಂದು ಕರು. ಬಾವಿಕಟ್ಟೆ. ಆಮೇಲೆ ಒಬ್ಬ ಗಂಡಸು, ಬರೀ ಒಬ್ಬ ಗಂಡಸು. ತೀರ ಕೊನೆಗೆ ಏನೋ ಒಂದು ಮಸುಕು. ಹಗ್ಗ ಮುಗಿಯುವವರೆಗೂ ಹೋಗಿ ತಿರುಗಿ ಬಂದರು.

“ಶಾರದೆ ಎಲ್ಲಿದ್ದು? ಎಲ್ಲೂ ಕಾಣ್ತಿಲ್ಲೆ. ನೀ ನೋಡು ತಂಗಿ.”

ನೋಡಿದೆ. ನೆಗೆಟಿವ್‌ನಲ್ಲಿ ಕರಿಕೂದಲು ಬೆಳ್ಳಗೆ ಕಾಣುತ್ತದೆ. ಹಾಗಾಗಿ ಬಾವಿಕಟ್ಟೆಯ ಬಳಿ ನಗುತ್ತ ನಿಂತಿದ್ದವರು ಅಂದಿನ ತರುಣ ಗಜಣ್ಣನಲ್ಲ. ನನ್ನ ಪಕ್ಕದಲ್ಲೇ ನಿಂತಿದ್ದ, ತಲೆ ನರೆತ ಈ ಗಜಣ್ಣನೇ.

“ಇದ್ರಾಗ ನೀವೇ ಇದ್ದೀರಲ್ರೀ,” ಎಂದೆ. “ತೆಗೆದೋರು ಯಾರು?”

ಅವರು ಗೋಡೆಗೆ ಒರಗಿದರು. “ಕೀಲಿ ತಿರುಗ್ಸೂದು ಆನೇ ಕಲಿಸಿದ್ದೆ,” ಎಂದರು ಕೊನೆಗೆ. “ಶಾರದೆ ತೆಗದ್ದು ಇದು. ಆನು ತೆಗದ್ದು ಹೇಳಿ ಇಷ್ಟು ವರ್ಷ ತಿಳ್ಕಂಡಿದ್ದೆ.”

ಅದನ್ನು ಪ್ರಿಂಟು ಮಾಡಿಸಲಿಲ್ಲ. ಬೇರೆಯವರ ರೋಲು ತೊಳೆಯುವುದನ್ನೂ ಬಿಟ್ಟರು. ಇದ್ದಷ್ಟು ನೋಟವನ್ನೆಲ್ಲ ಆ ಫಿಲ್ಮಿನ ಮೇಲೇ ಇಟ್ಟರು. ಒಂದು ಚಿತ್ರದಿಂದ ಮುಂದಿನದಕ್ಕೆ ಹೋದಂತೆ ಅವರ ತುಟಿ ಆಡುತ್ತಿತ್ತು. “ಎಂತ ಹೇಳ್ತಾ ಇದ್ದೆ ಆನು ಅದಕ್ಕೆ?” ಎಂದು ನನ್ನನ್ನು ಕೇಳುತ್ತಿದ್ದರು.

ಮುಂದಿನ ವರ್ಷ ನನಗೆ ಯಲ್ಲಾಪುರಕ್ಕೆ ವರ್ಗವಾಯಿತು. ನೋಟ ಪೂರ್ತಿ ಹೋದ ಗಜಣ್ಣನನ್ನು ಅವರ ತಂಗಿ ಕಾನಸೂರಿನ ತಮ್ಮ ಮನೆಗೆ ಕರೆದೊಯ್ದರು. ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋಗಿದ್ದೆ. ಮಳೆ ಹಿಡಿಯುವ ಮೊದಲೇ ಅವರು ತೀರಿಕೊಂಡದ್ದರಿಂದ ಅದೇ ಕೊನೆಯ ಭೇಟಿಯಾಯಿತು. ನನ್ನ ದನಿ ಕೇಳಿದ್ದೇ ದಿಂಬಿನ ಕೆಳಗಿಂದ ರೋಲು ತೆಗೆದರು. ಬೆರಳಲ್ಲೇ ತಡವಿ ಕೊನೆಯ ತುದಿಯನ್ನು ಬಿಡಿಸಿ ಕೊಟ್ಟರು.

“ಕೊನೆಗೆ ಒಂದು ಮಸುಕು ಇತ್ತಲ, ಅದನ್ನ ಕಿಟಕಿಗೆ ಹಿಡಿದು ನೋಡು ತಂಗಿ.”

ಹಿಡಿದು ನೋಡಿದೆ. ಲೆನ್ಸಿನ ತೀರ ಹತ್ತಿರ ಬಂದ ಬೆರಳುಗಳು.

“ಕೈ ಐತ್ರೀ ಗಜಣ್ಣ. ನಿಮ್ಮ ಕೈ.”

“ಹೌದು. ಕ್ಯಾಮೆರಾ ಕೇಳ್ತಾ ಇದ್ದೆ. ನಂದು ಸಾಕು, ಇಲ್ಲಿ ಕೊಡು, ಈಗ ನಿಂದು ತೆಗೀತೆ ಹೇಳಿ.”

“ಕೊಟ್ರೇನ್ರೀ ಅವರು?”

“ಕೊಟ್ಟತು,” ಎಂದರು. “ರೋಲು ಮುಗದಿತ್ತು.”